ಸಾಣೆಕಲ್ಲು (ಕೊಪ್ಪಳ ಸೀಮೆ)

ಹತಾರದ ಅಲಗನ್ನು ಉಜ್ಜಿ ಹರಿತ ಮಾಡುವ ಕಲ್ಲು. ಮಸೆಗಲ್ಲು ಎಂದೂ ಹೆಸರು. ಕೈಯಲ್ಲಿ ಹಿಡಿದು ಉಜ್ಜುವ ಉದ್ದನೆಯ ಕಲ್ಲು, ನೆಲದಲ್ಲೇ ಇರುವ ಬಂಡೆ, ತಿರುಗುವ ಚಕ್ರ, ಇಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಪ್ಪು ಕಾರ್ಬೊರಂಡಂ ಪಟ್ಟಿ, ಇವೆಲ್ಲ ಸಾಣೆಕಲ್ಲುಗಳೇ. ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರಿನಿಂದ ಬೇರೆಯಾಯಿತು. ಆಗಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಿಂದ ಮುಂದೆ ಕುಕನೂರು, ಕನಕಗಿರಿ, ಕಾರಟಗಿ ತಾಲ್ಲೂಕುಗಳು ಒಡೆದವು. ಈ ಲೇಖನ ಆ ಹಳೆಯ ನಾಲ್ಕು ತಾಲ್ಲೂಕುಗಳ ಸೀಮೆಯನ್ನು ಕುರಿತದ್ದು. ಸಾಣೆಯ ಕತೆ ಬೇಡಿದ ಕಡೆ ತುಂಗಭದ್ರೆಯ ಆಚೆ ದಡಕ್ಕೂ ಕೊನೆಯಲ್ಲಿ ಜಪಾನಿಗೂ ಹೋಗುತ್ತದೆ.

ಮಸೆಯುವ ರೀತಿ ಎರಡು. ಒಂದರಲ್ಲಿ ಕಲ್ಲು ನೆಲೆಯಾಗಿರುತ್ತದೆ, ಹತಾರ ಅದರ ಬಳಿಗೆ ಹೋಗುತ್ತದೆ. ಇನ್ನೊಂದರಲ್ಲಿ ಹತಾರ ನೆಲೆಯಾಗಿರುತ್ತದೆ, ಕಲ್ಲು ಅದರ ಬಳಿಗೆ ಬರುತ್ತದೆ. ಕಲ್ಲಿನ ಆಕಾರ, ಅದು ಸವೆಯುವ ಬಗೆ, ಅದಕ್ಕೆ ಬೇಕಾದ ಆರೈಕೆ ಎಲ್ಲವೂ ಈ ಭೇದವನ್ನೇ ಅನುಸರಿಸುತ್ತವೆ. ಈ ಸೀಮೆಯ ಸಾಣೆಯ ಚರಿತ್ರೆಯನ್ನು ಓದಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಕಲ್ಲಿನ ಗುಣ

ಆನೆಗೊಂದಿ, ಗಂಗಾವತಿ, ಕೊಪ್ಪಳಗಳ ಸುತ್ತ ಎತ್ತ ನೋಡಿದರೂ ಬಂಡೆಗುಡ್ಡ. ಇವು ಬಹುಮಟ್ಟಿಗೆ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಇಷ್ಟು ಗಟ್ಟಿ ಕಲ್ಲಿನ ನಾಡಿನಲ್ಲಿ ಸಾಣೆಗೆ ಕಲ್ಲಿನ ಕೊರತೆ ಇರಲಾರದು ಅನ್ನಿಸುವುದು ಸಹಜ. ಆದರೆ ಗ್ರಾನೈಟ್ ಒಳ್ಳೆಯ ಸಾಣೆಕಲ್ಲಲ್ಲ. ಅದರಲ್ಲಿ ಮೂರು ಬಗೆಯ ಖನಿಜ ಕಲೆತಿರುತ್ತದೆ. ಮೋಸ್ ಮಾಪಕದಲ್ಲಿ ಬೆಣಚುಕಲ್ಲಿನ ಗಡಸು 7, ಫೆಲ್ಡ್‌ಸ್ಪಾರ್‌ನದು 6, ಕಾಗೆಬಂಗಾರದ್ದು 3ರ ಆಸುಪಾಸು. ಕಣಗಳೂ ದಪ್ಪ. ಅಲಗು ಅದರ ಮೇಲೆ ಸರಿದಾಗ ಒಂದು ಕಡೆ ಗೀರು ಬೀಳುತ್ತದೆ, ಇನ್ನೊಂದು ಕಡೆ ಬರೀ ಜಾರುತ್ತದೆ. ಕೊಡಲಿಗೋ ಹಾರೆಗೋ ಅದು ಸಾಕು, ಈಳಗಿಗೆ ಸಾಲದು.

ಒಳ್ಳೆಯ ಸಾಣೆಕಲ್ಲಿನಲ್ಲಿ ಕಣಗಳು ಉಕ್ಕಿಗಿಂತ ಗಡಸಾಗಿ, ಒಂದೇ ಗಾತ್ರದಲ್ಲಿ ಇರಬೇಕು. ಅವನ್ನು ಹಿಡಿದ ಅಂಟು ಮಾತ್ರ ಮೆದುವಾಗಿರಬೇಕು. ಮೊಂಡಾದ ಕಣ ಉದುರಿದರೆ ಅಡಿಯಿಂದ ಹೊಸ ಕಣ ಮೇಲೆ ಬರುತ್ತದೆ. ಸವೆಯದ ಕಲ್ಲು ಬೇಗ ನುಣುಪಾಗಿ, ಕನ್ನಡಿಯಂತೆ ಹೊಳೆದು, ಕೆಲಸಕ್ಕೆ ಬಾರದಂತಾಗುತ್ತದೆ. ಕಲ್ಲು ಸವೆಯಿತು ಎಂದು ಮರುಗುವವರು ಅನೇಕರಿದ್ದಾರೆ. ಆದರೆ ಅಲಗು ಹರಿತವಾಗುವುದೇ ಕಲ್ಲು ಸವೆಯುವುದರಿಂದ. ಮರಳುಗಲ್ಲಿಗೆ ಈ ಗುಣ ಇದೆ. ಪಶ್ಚಿಮಕ್ಕೆ ಬಾದಾಮಿ, ಗುಳೇದಗುಡ್ಡಗಳ ಕಡೆ ಅದು ಹೇರಳ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟಿಸಿದ ದಕ್ಷಿಣ ಮರಾಠಾ ಸೀಮೆಯ ವರದಿಯಲ್ಲಿ ಆ ಭಾಗದ ಶಿಲಾಸ್ತರಗಳನ್ನು ವಿವರವಾಗಿ ದಾಖಲಿಸಿದ್ದಾನೆ.

ಬಂಡೆಯೇ ಸಾಣೆ

ಇಲ್ಲಿ ಮೊದಲು ಮಸೆದದ್ದು ಲೋಹವನ್ನಲ್ಲ, ಕಲ್ಲನ್ನೇ. ನವಶಿಲಾಯುಗದ ಕೊಡಲಿಗಳು ಕರಿಕಲ್ಲಿನವು, ಎಂದರೆ ಡಾಲರೈಟ್‌ನವು. ಕುಷ್ಟಗಿಗೆ ನೆರೆಯ ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಎಫ್. ಆರ್. ಆಲ್ಚಿನ್ 1952ರಲ್ಲಿ ಉತ್ಖನನ ನಡೆಸಿ 1960ರಲ್ಲಿ ವರದಿ ಪ್ರಕಟಿಸಿದರು. ಮಸ್ಕಿ, ತೆಕ್ಕಲಕೋಟೆ, ಬ್ರಹ್ಮಗಿರಿಗಳಲ್ಲೂ ಇದೇ ಬಗೆಯ ನಯಗೊಳಿಸಿದ ಕೊಡಲಿಗಳು ಸಿಕ್ಕಿವೆ. ಇವನ್ನು ತಯಾರಿಸಿದ ಬಗೆ ಅತಿ ಸ್ಪಷ್ಟವಾಗಿ ಕಾಣುವುದು ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ. ಅಲ್ಲಿನ ಹಿರೇಗುಡ್ಡದ ಮೇಲೆ ಡಾಲರೈಟ್ ಗೋಡೆಯಂತೆ ಗ್ರಾನೈಟ್ ಅನ್ನು ಸೀಳಿಕೊಂಡು ಎದ್ದಿದೆ. ಸುತ್ತ ಚಕ್ಕೆಗಳ ರಾಶಿ ಬಿದ್ದಿದೆ.

ಕೆಲಸ ನಾಲ್ಕು ಹಂತದ್ದು. ಮೊದಲು ಚಕ್ಕೆ ಎಬ್ಬಿಸಿ ಆಕಾರ ಕೊಡುವುದು. ಆಮೇಲೆ ಇನ್ನೊಂದು ಕಲ್ಲಿನಿಂದ ಕುಟ್ಟಿ ಉಬ್ಬುತಗ್ಗು ತೆಗೆಯುವುದು. ಬಳಿಕ ಬಂಡೆಯ ಮೇಲೆ ತಿಕ್ಕುವುದು. ಕೊನೆಗೆ ಬಾಯಿಗೆ ನಯ ಕೊಡುವುದು. ತಿಕ್ಕುವಾಗ ಕೊರೆಯುವುದು ಬಂಡೆಯಷ್ಟೇ ಅಲ್ಲ. ಬಂಡೆಗೂ ಕೊಡಲಿಗೂ ನಡುವೆ ಬೀಳುವ ಮರಳು ಮತ್ತು ನೀರು ಆ ಕೆಲಸದ ಬಹುಪಾಲನ್ನು ಮಾಡುತ್ತವೆ. ಒರಟು ಗ್ರಾನೈಟ್‌ನ ದೋಷ ಹೀಗೆ ಕಳೆದುಹೋಗುತ್ತದೆ, ಏಕೆಂದರೆ ಬೆಣಚಿನ ಮರಳು ಎಲ್ಲೆಡೆ ಒಂದೇ ಗಡಸಿನದು. ಸಂಗನಕಲ್ಲಿನ ಬಂಡೆಗಳ ಮೇಲೆ ಆ ತಿಕ್ಕಿನ ತೋಡುಗಳು ಇಂದಿಗೂ ಉಳಿದಿವೆ. ಅವು ದೋಣಿಯ ಒಳಮೈಯಂತೆ ಉದ್ದಕ್ಕೆ ತಗ್ಗಾಗಿ, ನಡುವೆ ಆಳವಾಗಿ, ತುದಿಗಳಲ್ಲಿ ತೇಲಿಬಂದಿವೆ. ಕೈ ಆಡಿಸಿದರೆ ಸುತ್ತಲಿನ ಬಂಡೆ ತರಿತರಿ, ತೋಡಿನೊಳಗೆ ನುಣುಪು. ಊರಿಗೆ ಊರೇ ಬಂದು ಬಳಸುತ್ತಿದ್ದ ಸಾರ್ವಜನಿಕ ಸಾಣೆ ಅದು. ಕ್ರಿ.ಪೂ. ಎರಡನೆಯ ಸಹಸ್ರಮಾನದಲ್ಲಿ ಅಲ್ಲಿ ಕೊಡಲಿಯ ತಯಾರಿಕೆ ಸುತ್ತಲಿನ ಸೀಮೆಗಳಿಗೂ ಸಾಕಾಗುವಷ್ಟು ದೊಡ್ಡದಾಗಿ ನಡೆದಿತ್ತು.

ಕಬ್ಬಿಣ ಮತ್ತು ಉಳಿ

ಗಂಗಾವತಿ ಬಳಿ, ತುಂಗಭದ್ರೆಯ ಉತ್ತರ ದಡದಲ್ಲಿರುವ ಕಡೇಬಾಕಲೆಯಲ್ಲಿ 2003ರಿಂದ ನಡೆದ ಉತ್ಖನನಗಳು ಈ ಸೀಮೆಯ ಕಬ್ಬಿಣಯುಗದ ವಸತಿಯನ್ನು ಬೆಳಕಿಗೆ ತಂದವು. ಅದೇ ತಾಲ್ಲೂಕಿನ ಹಿರೇಬೆಣಕಲ್‌ನಲ್ಲಿ, ಜನ ಮೋರ್ಯರ ಗುಡ್ಡ ಎಂದು ಕರೆಯುವ ಗುಡ್ಡದ ಮೇಲೆ, ಸುಮಾರು 400 ಶಿಲಾಸಮಾಧಿಗಳಿವೆ. ಅವುಗಳ ಕಾಲ ಕ್ರಿ.ಪೂ. 800ರಿಂದ 200ರವರೆಗಿನದು ಎಂದು ಲೆಕ್ಕ. ಕಬ್ಬಿಣ ಬಂದಮೇಲೆ ಸಾಣೆಯ ಸ್ವಭಾವವೇ ಬದಲಾಯಿತು. ಕಲ್ಲಿನ ಕೊಡಲಿಗೆ ಅಂತಿಮ ಆಕಾರ ಕೊಡುತ್ತಿದ್ದುದೇ ಸಾಣೆ. ಕಬ್ಬಿಣಕ್ಕೆ ಆಕಾರ ಕೊಡುವುದು ಕುಲುಮೆ ಮತ್ತು ಸುತ್ತಿಗೆ. ಸಾಣೆಗೆ ಉಳಿದದ್ದು ಬಾಯಿ ಮಾತ್ರ. ಕೆಲಸ ಕಿರಿದಾಯಿತು. ಆದರೆ ಕಬ್ಬಿಣ ಮೊಂಡಾಗುತ್ತಲೇ ಇರುವುದರಿಂದ ಅದು ನಿತ್ಯದ್ದಾಯಿತು.

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕನ ಕಿರು ಬಂಡೆಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಕ್ರಿ.ಪೂ. ಮೂರನೆಯ ಶತಮಾನದ ಆ ಬ್ರಾಹ್ಮಿ ಅಕ್ಷರಗಳನ್ನು ಇತಿಹಾಸಕಾರರು ಭಾಷೆಗಾಗಿ, ಲಿಪಿಗಾಗಿ ಓದುತ್ತಾರೆ. ಅವು ಹತಾರದ ಸಾಕ್ಷ್ಯವೂ ಹೌದು. ಗ್ರಾನೈಟ್ ಮೇಲೆ ಉಳಿಯ ಮೊನೆ ಬಹಳ ಹೊತ್ತು ನಿಲ್ಲುವುದಿಲ್ಲ. ಅಕ್ಷರ ಕೊರೆಯುವವನ ಪಕ್ಕದಲ್ಲಿ ಮೊನೆ ತಿದ್ದಿಕೊಡುವ ಏರ್ಪಾಡು ಇಲ್ಲದೆ ಅಷ್ಟು ಸಾಲು ಮೂಡಲಾರವು. ಶಾಸನದಲ್ಲಿ ಆ ಕೈಗೆ ಹೆಸರಿಲ್ಲ.

ಇಟಗಿಯ ಮಹಾದೇವ ದೇವಾಲಯದ್ದು ಬೇರೆಯೇ ಸಂದರ್ಭ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನವೇ ದೇವಾಲಯ ಚಕ್ರವರ್ತಿ ಎಂದು ಹೊಗಳಿದ ಈ ಗುಡಿ ಬಳಪದ ಕಲ್ಲಿನದು. ಈ ಕಲ್ಲು ಮೆದು. ಇದಕ್ಕೆ ಗ್ರಾನೈಟ್‌ಗೆ ಬೇಕಾದಂಥ ಮೊಂಡು ಮೊನೆಯ ಉಳಿ ಬೇಡ, ಮರಗೆಲಸದ ಉಳಿಯಂಥ ತೆಳು ಅಲಗು ಬೇಕು. ಕಂಬಗಳ ತಿರುಗಣೆಯ ಗೆರೆಗಳನ್ನು, ಬಾಗಿಲವಾಡದ ಜಾಲರಿಯಂಥ ಕೊರೆತವನ್ನು ಹತ್ತಿರದಿಂದ ನೋಡಿದರೆ, ಮೊಂಡು ಉಳಿ ಬಿಡುವ ನುಚ್ಚುಗೆರೆ ಎಲ್ಲೂ ಇಲ್ಲ. ಇಷ್ಟು ಸೂಕ್ಷ್ಮವಾದ ಕೆತ್ತನೆಯ ಹಿಂದೆ ಅಷ್ಟೇ ಸೂಕ್ಷ್ಮವಾದ ಮಸೆಗಲ್ಲು ಇದ್ದಿರಲೇಬೇಕು. ಚಾಲುಕ್ಯ ಶಿಲ್ಪದ ಚರ್ಚೆಯಲ್ಲಿ ಇದು ಬಾರದಿರುವುದು ದೊಡ್ಡ ಕೊರತೆ ಎಂದೇ ಹೇಳಬೇಕು.

ಉಳಿಯ ಈ ಪರಂಪರೆ ಮರಕ್ಕೂ ತೊಗಲಿಗೂ ಹರಿದಿದೆ. ಕೊಪ್ಪಳ ಬಳಿಯ ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ ಕೆತ್ತುತ್ತಾರೆ. ಮರ ಹಗುರವಾದಷ್ಟೂ ಅಲಗು ಹರಿತವಿರಬೇಕು, ಇಲ್ಲದಿದ್ದರೆ ನಾರು ಕತ್ತರಿಸದೆ ಕಿತ್ತುಬರುತ್ತದೆ. ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ತಂದುಕೊಟ್ಟ ತೊಗಲುಗೊಂಬೆಯಾಟದ ಗೊಂಬೆಗಳದ್ದೂ ಇದೇ ಕತೆ. ಒಣಗಿದ ಹದಗೊಂಡ ತೊಗಲಿನಲ್ಲಿ ಆಭರಣದ ತೂತುಗಳನ್ನು ಕೊರೆಯುವ ಚಿಕ್ಕ ಉಳಿ ಮೊಂಡಾಗಿದ್ದರೆ ತೂತಿನ ಅಂಚು ಹರಿಯುತ್ತದೆ. ಪರದೆಯ ಮೇಲೆ ಬೆಳಕು ಬಿದ್ದಾಗ ಆ ಹರಕು ಮೊದಲು ಕಾಣುತ್ತದೆ.

ಕುಡುಗೋಲು, ಈಳಗಿ ಮತ್ತು ಆಯ

ಹಳ್ಳಿಯಲ್ಲಿ ಹತಾರದ ಬಾಯಿ ನೋಡಿಕೊಳ್ಳುವ ಹೊಣೆ ಕಂಬಾರನದು. ಅವನು ಆಯಗಾರರಲ್ಲಿ ಒಬ್ಬ. ಒಂದೊಂದು ಸಲಕ್ಕೂ ದುಡ್ಡು ಪಡೆಯುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದಿಂದ ಅವನ ಪಾಲಿನ ಕಾಳು ಹೋಗುತ್ತಿತ್ತು. ಕುಡ, ಕುಂಟೆಯ ಅಲಗು, ಕೊಡಲಿಗಳನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ಬಾಯಿ ತೆಳುಮಾಡುವುದಕ್ಕೆ ಹಣಿಸುವುದು ಎನ್ನುತ್ತಾರೆ. ಅದು ಕಂಬಾರನ ಕೆಲಸ. ಹಣಿಸಿ ತಂದ ಕುಡುಗೋಲನ್ನು ಹೊಲದಲ್ಲಿ ದಿನವೂ ಮಸೆದುಕೊಳ್ಳುವುದು ಕೊಯ್ಯುವವರ ಕೆಲಸ. ಯಲಬುರ್ಗಾ, ಕುಷ್ಟಗಿಗಳ ಎರೆಹೊಲದಲ್ಲಿ ಜೋಳದ ದಂಟು ಕೊಯ್ಯುವಾಗ ಕುಡುಗೋಲು ಬೇಗ ಬಾಯಿ ಕಳೆದುಕೊಳ್ಳುತ್ತದೆ. ಜೋಳದ ದಂಟಿನಲ್ಲೇ ಸಿಲಿಕಾ ಇದೆ, ಬುಡಕ್ಕೆ ಮಣ್ಣೂ ಮೆತ್ತಿರುತ್ತದೆ.

ಇಲ್ಲಿ ಕಲ್ಲು ಹತಾರದ ಬಳಿಗೆ ಬರುತ್ತದೆ. ಕುಡುಗೋಲಿನ ಬಾಯಿ ಒಳಬಾಗಿದ್ದು, ಚಪ್ಪಟೆ ಕಲ್ಲಿನ ಮೇಲೆ ಅದನ್ನು ಮಸೆಯಲು ಬಾರದು. ಗೇಣುದ್ದದ ಸಣ್ಣ ಕಲ್ಲನ್ನು ಕೈಯಲ್ಲಿ ಹಿಡಿದು, ಬಾಗಿನ ಗುಂಟ ಬುಡದಿಂದ ತುದಿಗೆ ಎಳೆಯಬೇಕು. ಅಡುಗೆಮನೆಯ ಈಳಗಿಯದೂ ಇದೇ ರೀತಿ. ಅಲಗು ಮಣೆಗೆ ಜಡಿದಿರುತ್ತದೆ, ಅದನ್ನು ಕಲ್ಲಿನ ಬಳಿಗೆ ಒಯ್ಯಲಾಗದು. ಆದ್ದರಿಂದ ಹೆಂಗಸರು ಕಾಲಿನಿಂದ ಮಣೆ ಒತ್ತಿಹಿಡಿದು ಕಲ್ಲಿನ ಚೂರಿನಿಂದ ಎರಡೂ ಬದಿ ಉಜ್ಜುತ್ತಾರೆ. ಚಾಕುವಾದರೆ ಒಗೆಯುವ ಕಲ್ಲಿನ ಅಂಚಿಗೋ ಪಿಂಗಾಣಿ ಬಟ್ಟಲಿನ ಬುಡದ ಒರಟು ಬಳೆಗೋ ಎಳೆದು ಅಂದಿನ ಕೆಲಸ ನಡೆಸುವುದುಂಟು. ಮಹಾನವಮಿಯ ಖಂಡೆ ಪೂಜೆಗೆ ಮುನ್ನ ಮನೆಯ ಹತಾರಗಳನ್ನೆಲ್ಲ ತೊಳೆದು ಸಾಲಾಗಿ ಇಡುತ್ತಾರೆ.

ತಿರುಗುವ ಸಾಣೆ

ಚಕ್ರದ ಸಾಣೆ ಭಾರತದಲ್ಲಿ ಬಹಳ ಹಳೆಯದು. ಅದು ಇಡಿಯ ಕಲ್ಲಿನದಲ್ಲ. ಕುರುಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಗಾಲಿಯಾಗಿ ಎರಕ ಹೊಯ್ಯುತ್ತಿದ್ದರು. ಕುರುಂದದ ಗಡಸು 9, ವಜ್ರದ ನಂತರ ಅದೇ. ಅರಗು ಕಾವಿಗೆ ಮೆದುವಾಗಿ ಮೊಂಡಾದ ಕಣವನ್ನು ಬಿಟ್ಟುಕೊಡುತ್ತದೆ. ಗಾಲಿ ಸವೆದಾಗ ಕರಗಿಸಿ ಮತ್ತೆ ಎರಕ ಹೊಯ್ದರಾಯಿತು. ಗಡಸು ಕಣ, ಮೆದು ಅಂಟು ಎಂಬ ಸೂತ್ರವನ್ನು ಇಷ್ಟು ಅಚ್ಚುಕಟ್ಟಾಗಿ ಕಾರ್ಯಕ್ಕಿಳಿಸಿದ ಕೈಗಳನ್ನು ಮೆಚ್ಚಲೇಬೇಕು. ಕುರುಂದ ಹಳೆಯ ಮೈಸೂರು ಸಂಸ್ಥಾನದ ಹಲವೆಡೆ ಸಿಗುತ್ತಿತ್ತು. ಟಿ. ಎಚ್. ಹಾಲೆಂಡ್ 1898ರಲ್ಲಿ ಭಾರತದ ಕುರುಂದದ ಬಗ್ಗೆ ಒಂದು ಪುಸ್ತಕವನ್ನೇ ಬರೆದ.

ಈ ಗಾಲಿಯ ಅಚ್ಚಿಗೆ ತೊಗಲಿನ ಪಟ್ಟಿ ಸುತ್ತಿ ಒಬ್ಬ ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದ, ಇನ್ನೊಬ್ಬ ಅಲಗು ಹಿಡಿಯುತ್ತಿದ್ದ. ಕತ್ತಿ, ಬಾಕುಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರ ಕಸುಬು ಸೈನ್ಯಗಳು ಕರಗಿದ ಮೇಲೆ ಬೀದಿಗೆ ಬಂತು. ಮುಂದೆ ಕಾಲಿನಿಂದ ತುಳಿಯುವ ಚೌಕಟ್ಟು ಬಂತು, ಆಮೇಲೆ ಸೈಕಲ್. ಸೈಕಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂಗಾಲಿಯಿಂದ ಪಟ್ಟಿ ಎಳೆದು, ಮುಂದಿನ ಚಿಕ್ಕ ಸಾಣೆಯನ್ನು ತಿರುಗಿಸುತ್ತಾರೆ. ವೇಗ ಹೆಚ್ಚಿದಷ್ಟೂ ಅಪಾಯ. ಕಿಡಿ ಹಾರುವಾಗ ಅಲಗಿನ ಅಂಚು ಕಾದು ನೀಲಿಗೆ ತಿರುಗಿದರೆ ಅಲ್ಲಿ ಉಕ್ಕಿನ ಹದ ಹೋಯಿತು ಎಂದೇ ಅರ್ಥ. ಎಷ್ಟು ಮಸೆದರೂ ಆ ಜಾಗದಲ್ಲಿ ಬಾಯಿ ನಿಲ್ಲುವುದಿಲ್ಲ.

ಅಮೆರಿಕದ ಎಡ್ವರ್ಡ್ ಅಚೆಸನ್ 1891ರಲ್ಲಿ ಜೇಡಿಮಣ್ಣು ಮತ್ತು ಕೋಕ್ ಅನ್ನು ವಿದ್ಯುತ್ ಕುಲುಮೆಯಲ್ಲಿ ಕಾಯಿಸಿ ಸಿಲಿಕಾನ್ ಕಾರ್ಬೈಡ್ ಪಡೆದ. ಅದಕ್ಕೆ ಅವನಿಟ್ಟ ಹೆಸರು ಕಾರ್ಬೊರಂಡಂ. 1954ರಲ್ಲಿ ಮದ್ರಾಸಿನಲ್ಲಿ ಕಾರ್ಬೊರಂಡಂ ಯೂನಿವರ್ಸಲ್ ಕಂಪನಿ ಆರಂಭವಾಯಿತು. ಒಂದು ಬದಿ ಒರಟು, ಇನ್ನೊಂದು ಬದಿ ನಯವಿರುವ ಕಪ್ಪು ಕಲ್ಲು ಕ್ರಮೇಣ ಸಂತೆಗೆ ಇಳಿದ ಮೇಲೆ ಊರಿನ ಕಲ್ಲನ್ನು ಹುಡುಕುವವರು ಇಲ್ಲವಾದರು. ಅದೇ ಹೊತ್ತಿಗೆ, 1953ರಲ್ಲಿ, ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯಿಂದ ಗಂಗಾವತಿ ಭತ್ತದ ಕಣಜವಾಯಿತು. ಮೊದಲು ಕುಡುಗೋಲಿಗೆ ಕೆಲಸ ಹೆಚ್ಚಿತು. ಕೊಯ್ಲಿನ ಯಂತ್ರ ಗದ್ದೆಗಿಳಿದ ಮೇಲೆ ಕಾಲುವೆ ಕೆಳಗಿನ ಊರುಗಳಲ್ಲಿ ಕುಡುಗೋಲು ಮೂಲೆ ಸೇರಿತು. ಕುಷ್ಟಗಿ, ಯಲಬುರ್ಗಾದ ಬೆದ್ದಲು ಹೊಲಗಳಲ್ಲಿ ಅದಿನ್ನೂ ಕೈಯಲ್ಲಿದೆ.

ಜಪಾನಿನ ಕಲ್ಲು, ಅದರ ಬಳಕೆ ಮತ್ತು ಆರೈಕೆ

ಅಡುಗೆ ಚಾಕುವಿನ ಬಗ್ಗೆ ಆಸ್ಥೆ ಉಳ್ಳವರು ಈಚೆಗೆ ಜಪಾನಿನ ಕಲ್ಲುಗಳನ್ನು ತರಿಸಿಕೊಳ್ಳುತ್ತಿದ್ದಾರೆ. ಅವುಗಳಲ್ಲಿ ಹೆಸರಾದವು ಕ್ಯೋಟೊ ನಗರದ ಪಶ್ಚಿಮದ ಗುಡ್ಡಗಳ ಸಹಜ ಕಲ್ಲುಗಳು. ನಾರುತಾಕಿ, ನಾಕಾಯಾಮಾ ಅಲ್ಲಿನ ಪ್ರಸಿದ್ಧ ಗಣಿಗಳು. ದಡದಿಂದ ಬಹು ದೂರ, ಆಳ ಸಮುದ್ರದ ತಳದಲ್ಲಿ, ಸುಮಾರು 25 ಕೋಟಿ ವರ್ಷಗಳ ಹಿಂದೆ ನಿಂತ ಕೆಸರು ಗಟ್ಟಿಯಾಗಿ ಈ ಕಲ್ಲಾಗಿದೆ. ದಡದ ಮರಳು ಅಲ್ಲಿಗೆ ತಲುಪದ್ದರಿಂದ ಕಣ ಅತಿ ಸಣ್ಣದು, ಒಂದೇ ಸಮ. ಕೊಪ್ಪಳದ ಗ್ರಾನೈಟ್‌ಗೆ ಯಾವ ಗುಣ ಇಲ್ಲವೋ ಅದೇ ಇದರ ಗುಣ. ಒರಟು ಕಲ್ಲಿಗೆ ಅರಾತೊ, ನಡುತರದ್ದಕ್ಕೆ ನಾಕಾತೊ, ಕೊನೆಯ ನಯದ್ದಕ್ಕೆ ಅವಾಸೆದೊ ಎಂದು ಜಪಾನೀಯರು ಕರೆಯುತ್ತಾರೆ. ಕ್ಯೋಟೊದ ಖ್ಯಾತಿ ಮೂರನೆಯದರಿಂದ. ಹಳೆಯ ಗಣಿಗಳು ಬಹುತೇಕ ಮುಚ್ಚಿವೆ, ಹಾಗಾಗಿ ಬೆಲೆ ಏರಿದೆ.

ಇಲ್ಲಿ ಕಲ್ಲು ನೆಲೆಯಾಗಿದ್ದು ಚಾಕು ಅದರ ಬಳಿಗೆ ಬರುತ್ತದೆ. ಸಂಗನಕಲ್ಲಿನ ಬಂಡೆಯ ರೀತಿ ಇದೇ. ಕುಡುಗೋಲು ಮಸೆದು ರೂಢಿಯಾದ ಕೈಗೆ ಇದು ಹೊಸತು. ಒದ್ದೆ ಬಟ್ಟೆಯ ಮೇಲೆ ಕಲ್ಲು ಕದಲದಂತೆ ಇಟ್ಟು, ನೀರು ಚಿಮುಕಿಸಿ, ಅಲಗನ್ನು ಸುಮಾರು 15 ಡಿಗ್ರಿ ಕೋನದಲ್ಲಿ ಹಿಡಿದು ಕಲ್ಲಿನ ಉದ್ದಕ್ಕೂ ಆಡಿಸಬೇಕು. ಕೋನ ಕದಲಬಾರದು, ಅಷ್ಟೇ ಮುಖ್ಯ. ಕೆಲ ಹೊತ್ತಿಗೆ ಅಲಗಿನ ಆಚೆ ಬದಿಗೆ ಕೂದಲೆಳೆಯಷ್ಟು ತೆಳುವಾದ ಲೋಹದ ಅಂಚು ಮಡಚಿ ಏಳುತ್ತದೆ, ಬೆರಳಿಗೆ ತರಿತರಿಯಾಗಿ ತಾಕುತ್ತದೆ. ಅದು ಉದ್ದಕ್ಕೂ ಎದ್ದಮೇಲೆ ಬದಿ ಬದಲಿಸಿ, ಒತ್ತಡ ಇಳಿಸುತ್ತ ಹೋಗಿ ಅದನ್ನು ಕಳೆಯಬೇಕು. ಕಲ್ಲಿನ ಮೇಲೆ ಏಳುವ ಕೆಸರನ್ನು ತೊಳೆದುಬಿಡುವುದು ಹೊಸಬರು ಮಾಡುವ ತಪ್ಪು. ಸಹಜ ಕಲ್ಲಿನಲ್ಲಿ ಕೆಲಸ ಮಾಡುವುದೇ ಆ ಕೆಸರು. ಗಟ್ಟಿ ಕಲ್ಲಿನಲ್ಲಿ ಅದು ತಾನಾಗಿ ಏಳದಿದ್ದರೆ ನಗುರ ಎಂಬ ಚಿಕ್ಕ ಕಲ್ಲನ್ನು ಉಜ್ಜಿ ಎಬ್ಬಿಸುತ್ತಾರೆ.

ಆರೈಕೆ ಇನ್ನಷ್ಟು ಮುಖ್ಯ. ಅಲಗು ಕಲ್ಲಿನ ಬಳಿಗೆ ಬರುವುದಾದರೆ ಕಲ್ಲು ಮಟ್ಟಸವಾಗಿರಲೇಬೇಕು. ನಡುವೆ ತಗ್ಗು ಬಿದ್ದ ಕಲ್ಲಿನ ಮೇಲೆ ಕೋನ ನಿಲ್ಲದು. ಕೈಯಲ್ಲಿ ಹಿಡಿಯುವ ಮಸೆಗಲ್ಲಿಗೆ ಈ ಚಿಂತೆ ಇಲ್ಲ. ಆದ್ದರಿಂದಲೇ ನಮ್ಮ ಕಡೆ ಕಲ್ಲು ಮಟ್ಟ ಮಾಡುವ ರೂಢಿ ಬೆಳೆಯಲಿಲ್ಲ. ಜಪಾನಿನ ಕಲ್ಲನ್ನು ವಜ್ರದ ಪುಡಿ ಹಚ್ಚಿದ ಪಟ್ಟಿಯ ಮೇಲೋ ಇನ್ನೊಂದು ಮಟ್ಟಸ ಕಲ್ಲಿನ ಮೇಲೋ ಆಗಾಗ ತಿಕ್ಕಿ ಸಮ ಮಾಡಬೇಕು. ಎಣ್ಣೆ ಹಾಕಕೂಡದು, ರಂಧ್ರಗಳಲ್ಲಿ ಅದು ನಿಂತುಬಿಟ್ಟರೆ ಕಲ್ಲು ಕೆಡುತ್ತದೆ. ನಯದ ಸಹಜ ಕಲ್ಲನ್ನು ನೀರಿನಲ್ಲಿ ನೆನೆಹಾಕಬಾರದು. ಪದರಗಳ ನಡುವೆ ನೀರು ಇಳಿದು ಅದು ಸೀಳಬಹುದು. ಅದಕ್ಕೇ ಜಪಾನಿನಲ್ಲಿ ಬದಿಗಳಿಗೂ ತಳಕ್ಕೂ ಅರಗೆಣ್ಣೆಯಂಥ ಮೆರುಗು ಬಳಿಯುತ್ತಾರೆ. ಬಳಸಿದ ಮೇಲೆ ನೆರಳಲ್ಲೇ ಒಣಗಿಸಬೇಕು. ಕೊಪ್ಪಳದ ಬೇಸಿಗೆಯಲ್ಲಿ ಒದ್ದೆ ಕಲ್ಲನ್ನು ಬಿಸಿಲಿಗಿಟ್ಟರೆ ಮೇಲ್ಮೈ ಬೇಗ ಒಣಗಿ ಒಳಗೆ ತೇವ ಉಳಿಯುತ್ತದೆ. ಬಿರುಕಿಗೆ ಅಷ್ಟು ಸಾಕು.

ಆದರೆ ಪ್ರತಿ ಅಡುಗೆಮನೆಗೂ ಈ ಕಲ್ಲು ಬೇಕೆ? ಬೇಡ ಎಂಬುದೇ ಸರಿ. ನಮ್ಮ ಅಂಗಡಿಗಳ ಸ್ಟೀಲ್ ಚಾಕು, ಲಾರಿಯ ಪಟ್ಟಿಯಿಂದ ಕಂಬಾರ ಬಡಿದ ಈಳಗಿ, ಇವುಗಳ ಉಕ್ಕು ಜಪಾನಿನ ಚಾಕುವಿನಷ್ಟು ಗಡಸಲ್ಲ. ಅತಿ ನಯದ ಬಾಯಿ ಅವುಗಳಲ್ಲಿ ನಿಲ್ಲದು. ಬದನೆಕಾಯಿ, ಈರುಳ್ಳಿ, ಸೊಪ್ಪು ಹೆಚ್ಚಲು ನಡುತರದ ಕಲ್ಲು ಕೊಡುವ ಬಾಯಿಯೇ ಮೇಲು. ಕಲ್ಲು ಯಾವುದಾದರೂ ನೀರು ಮಾತ್ರ ಬೇಕು. ಬೆಣಚಿನ ಒಣ ಧೂಳು ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್ ಬರುತ್ತದೆ. ಗ್ರಾನೈಟ್ ಕ್ವಾರಿಗಳಲ್ಲಿ ದುಡಿಯುವವರನ್ನು ಕಾಡುವ ಕಾಯಿಲೆ ಅದೇ.

ಸವೆದ ಕಲ್ಲಿನ ಸಾಕ್ಷ್ಯ

ಸವೆದ ಮಸೆಗಲ್ಲನ್ನು ನೋಡಿ ಅದು ಕಂಡ ಹತಾರವನ್ನು ಹೇಳಬಹುದು. ಕೊಡಲಿ ಮತ್ತು ಉಳಿಗಳಿಂದ ಕಲ್ಲಿನ ನಡುವೆ ಅಗಲ ತಗ್ಗು ಬೀಳುತ್ತದೆ. ಕುಡುಗೋಲು ಕಲ್ಲಿನ ಸೊಂಟ ಸಣ್ಣ ಮಾಡುತ್ತದೆ, ಬದಿಗಳು ದುಂಡಾಗುತ್ತವೆ. ದಬ್ಬಣದ ಮೊನೆ ತೆಳು ಗೀರುಗಾಲುವೆ ಬಿಡುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಕೊಡಲಿ, ಕತ್ತಿ, ಬಾಚಿಗಳಿಗೆ ಜಾಗವಿದೆ. ಅವುಗಳಿಗೆ ಬಾಯಿ ಕೊಟ್ಟ ಕಲ್ಲಿಗೆ ಇಲ್ಲ. ಕುಲುಮೆಗಳು ಮುಚ್ಚುತ್ತಿರುವ ಈ ಹೊತ್ತಿನಲ್ಲಿ ಕಂಬಾರರ, ಬಡಿಗೇರರ, ಚಿತ್ರಗಾರರ ಮನೆಗಳ ಹಳೆಯ ಕಲ್ಲುಗಳು ಅಡಿಪಾಯಕ್ಕೋ ತಿಪ್ಪೆಗೋ ಸೇರುತ್ತಿವೆ. ಅಂಥದ್ದೊಂದು ಕಲ್ಲು ಮನೆಯಲ್ಲಿರುವವರು ಅದು ಯಾವ ಊರಿನದು, ಎಲ್ಲಿಂದ ತಂದದ್ದು, ಯಾವ ಹತಾರಕ್ಕೆ ಬಳಸಿದ್ದು ಎಂದು ಒಂದು ಚೀಟಿಯಲ್ಲಿ ಬರೆದು ಕಲ್ಲಿನ ಜೊತೆಗೇ ಇಟ್ಟುಕೊಳ್ಳಬೇಕು. ಮನೆಯಲ್ಲಿ ಇಡಲಾಗದಿದ್ದರೆ ಹತ್ತಿರದ ಶಾಲೆಗೋ ಸರ್ಕಾರಿ ವಸ್ತುಸಂಗ್ರಹಾಲಯಕ್ಕೋ ಕೊಡಲಿ.